ತಾಮ್ರದ ತಂತಿ

ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವಳು ಹದ್ದಿನ ಕಣ್ಣಿನ ಹದ್ದಕ್ಕ. ಇಪ್ಪತ್ತೆರಡು ವರ್ಷ ಮೈಕ್ರೋಸ್ಕೋಪಿಗೆ ಕಣ್ಣು ಅಂಟಿಸಿ ಕೂತರೂ ಮೂಗಿನ ಮೇಲೆ ಕನ್ನಡಕ ಏರಿರಲಿಲ್ಲ. ಫೋನು, ಟೀವಿಗಳೊಳಗೆ ಕೂರುವ ಸಾಸಿವೆ ಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ಪಿಗೆ, ಕೂದಲಿಗಿಂತ ತೆಳ್ಳಗಿನ ಚಿನ್ನದ ತಂತಿ ಬೆಸೆಯುವುದು ಅವಳ ಕೆಲಸ. ಅವಳು ಬೆಸೆದದ್ದು ಬಿಟ್ಟುಬಂತು ಅಂತ ಒಂದು ಪೆಟ್ಟಿಗೆಯೂ ವಾಪಸು ಬಂದದ್ದಿಲ್ಲ.

ಆ ಹಾಲ್‌ನಲ್ಲಿ ಒಟ್ಟು ಹತ್ತೊಂಬತ್ತು ಹೆಂಗಸರು. ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ, ಹೊರಗೆ ಕಾಣುವುದು ಕಣ್ಣು ಮಾತ್ರ. ಸಂಜೆ ಹೊರಡುವಾಗ ಕಾವಲಿನವಳು ಒಬ್ಬೊಬ್ಬರ ತೋಳನ್ನೂ ಒದರಿಸಿ, ಮೇಜಿನ ಮೇಲೆ ಬಿದ್ದ ತಂತಿಯ ಚೂರುಗಳನ್ನು ಕುಂಚದಿಂದ ಗುಡಿಸಿಕೊಳ್ಳುತ್ತಿದ್ದಳು.

“ನಮ್ಮನ್ನ ಒದರೋದು ನೋಡಿದ್ರೆ, ಒಳಗೆ ಕಿರೀಟ ಮುಚ್ಚಿಟ್ಕೊಂಡಿದೀವಿ ಅನ್ಬೇಕು,” ಎಂದು ಹದ್ದಕ್ಕನ ತಂಗಿ ನಗಿಸುತ್ತಿದ್ದಳು. ಒಡಹುಟ್ಟಿದ ತಂಗಿ. ಒಂಬತ್ತು ವರ್ಷದ ಹಿಂದೆ ಗಂಡನ ಅಂಗಡಿ ಮುಚ್ಚಿ ಅವಳು ದಿಕ್ಕುತೋಚದೆ ಕೂತಿದ್ದಾಗ, ಹದ್ದಕ್ಕನೇ ಕೈಹಿಡಿದು ಕರೆತಂದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಕೆಲಸ ಕಲಿಸಿದ್ದಳು.

ಹೊಸದಾಗಿ ಬಂದವರಿಗೆಲ್ಲ ಹದ್ದಕ್ಕ ಹೇಳುತ್ತಿದ್ದದ್ದು ಒಂದೇ ಮಾತು. “ಚಿನ್ನ ತುಕ್ಕು ಹಿಡಿಯಲ್ಲ, ಹಟ ಮಾಡಲ್ಲ, ಹೇಳಿದ ಕಡೆ ಬಾಗುತ್ತೆ. ಇದಕ್ಕೆ ಬದಲಿ ಇನ್ನೂ ಹುಟ್ಟಿಲ್ಲ. ಚಿನ್ನ ಇರೋವರೆಗೆ ನಮ್ಮ ಸ್ಟೂಲು ಅಲ್ಲಾಡಲ್ಲ.”

ಹೀಗಿರುವಾಗ ಹೊಸ ಎಂಜಿನಿಯರ್ ಬಂದ. ಇನ್ನೂ ಮೂವತ್ತು ತುಂಬದ, ಮಾತಿಗೆ ಮೊದಲೇ ಕೈಮುಗಿಯುವ ಹುಡುಗ. ಬಂದ ಎರಡನೇ ವಾರ ಒಂದು ಪುಟ್ಟ ಸುರುಳಿ ತಂದು ಹದ್ದಕ್ಕನ ಮುಂದಿಟ್ಟ. ತಾಮ್ರದ ತಂತಿ.

“ಚಿನ್ನದ ಬೆಲೆ ಕೈಗೆ ಎಟುಕ್ತಿಲ್ಲ ಅಕ್ಕ. ತಾಮ್ರ ಹಾಕಿ ನೋಡಿ ಅಂತ ಮೇಲಿನವರು ಪ್ರಾಣ ತಿಂತಿದಾರೆ. ನಿಮ್ಮ ಕೈಲಿ ಆಗದಿದ್ರೆ ಇನ್ಯಾರ ಕೈಲೂ ಆಗಲ್ಲ.”

ಹದ್ದಕ್ಕ ಕೆಲಸ ಶುರುಮಾಡಿದಳು. ದಿನಕ್ಕೆ ನೂರು ತಂತಿ ಬೆಸೆಯುವುದು, ಸಣ್ಣ ಕೊಕ್ಕೆಯಿಂದ ಒಂದೊಂದನ್ನೂ ಎಳೆದು ನೋಡುವುದು, ಚೀಟಿಯಲ್ಲಿ ಬರೆದು ಸಹಿ ಹಾಕುವುದು. ತಾಮ್ರ ಮಹಾ ಮೊಂಡು. ನೂರರಲ್ಲಿ ಅರವತ್ತು ಕಿತ್ತು ಬರುತ್ತಿತ್ತು. ಊಟದ ಕೋಣೆಯಲ್ಲಿ ಹೆಂಗಸರಿಗೆ ಇದೇ ನಗೆಮಾತು. ಎಲ್ಲರೂ ತಾಮ್ರಕ್ಕೆ ಹೋದರೆ ಚಿನ್ನವನ್ನು ಕೇಳುವವರಾರು ಎಂದು ಒಬ್ಬಳು ಕೇಳಿದಾಗ ತಂಗಿ, “ಒಳ್ಳೇದೇ ಆಯ್ತಲ್ಲ! ಚಿನ್ನ ಬಿದ್ದುಹೋಗ್ಲಿ, ಆಗಲಾದ್ರೂ ನಾವು ಒಂದೆಳೆ ಸರ ಮಾಡಿಸ್ಕೊಳ್ಳೋಣ,” ಎಂದಳು. ಡಬ್ಬಿ ಬಡಿದು ನಕ್ಕರು.

ಏಳು ವಾರ ಹೀಗೇ ಸಾಗಿತು. ಎಂಜಿನಿಯರನ ಮುಖ ಇಳಿದುಹೋಯಿತು. “ಮುಂದಿನ ವಾರ ಕೈಚೆಲ್ತೀವಿ ಅಂತ ಬರೆದುಕೊಡ್ತೀನಿ ಅಕ್ಕ. ನಿಮಗೆ ಸುಮ್ನೆ ಕಷ್ಟ ಕೊಟ್ಟೆ,” ಎಂದ.

ಹದ್ದಕ್ಕನಿಗೆ ಹಾಯೆನಿಸಬೇಕಿತ್ತು. ಅನಿಸಲಿಲ್ಲ. ‘ವಿಫಲ’, ‘ವಿಫಲ’ ಎಂದು ತುಂಬಿದ್ದ ಆ ಚೀಟಿಗಳ ಕೆಳಗೆ ಇದ್ದದ್ದು ಅವಳ ಸಹಿ. ಅವಳ ಕೈ ಇಂಥ ಮಾತು ಕೇಳಿಸಿಕೊಂಡದ್ದೇ ಇಲ್ಲ. ಮನೆಯಲ್ಲಿ ತರಕಾರಿ ಹೆಚ್ಚುವಾಗಲೂ ಆ ತಂತಿಯೇ ಕಣ್ಣೆದುರು.

ಆ ವಾರದ ಒಂದು ಮಧ್ಯಾಹ್ನ, ಕಿತ್ತುಬಂದ ತಂತಿಯನ್ನು ಬಿಟ್ಟು ಅದು ಕಿತ್ತುಬಂದ ಜಾಗವನ್ನು ನೋಡಿದಳು. ಸೋತದ್ದು ತಂತಿಯಲ್ಲ, ಅದರಡಿಯ ಚಿಪ್ಪಿನ ಮೈ ಬಿರಿದಿತ್ತು. ‘ಮೊಂಡನನ್ನು ಒಂದೇ ಏಟಿಗೆ ಗುದ್ದಿದರೆ ಇನ್ನೇನಾದೀತು’ ಅಂದುಕೊಂಡಳು. ಮುಂದಿನ ತಂತಿಯನ್ನು ಗುದ್ದಲಿಲ್ಲ. ಹಗುರವಾಗಿ ತಾಕಿಸಿ, ಎಳ್ಳಷ್ಟು ಅತ್ತಿತ್ತ ಉಜ್ಜಿ, ಆಮೇಲೆ ಒತ್ತಿದಳು. ಕೊಕ್ಕೆ ಹಾಕಿ ಎಳೆದರೆ ತಂತಿ ನಡುವೆ ತುಂಡಾಯಿತೇ ಹೊರತು ಬುಡ ಕದಲಲಿಲ್ಲ. ಇನ್ನೊಂದು ಹಾಕಿದಳು. ಮತ್ತೊಂದು. ಸಾಲಾಗಿ ಹನ್ನೊಂದು.

ತಲೆ ಎತ್ತಿದಳು. ಪಕ್ಕದಲ್ಲಿ ತಂಗಿ ಬೆನ್ನು ಬಾಗಿಸಿ ತನ್ನ ಪಾಡಿಗೆ ಚಿನ್ನ ಬೆಸೆಯುತ್ತಿದ್ದಳು. ಚೀಟಿ ಇನ್ನೂ ಖಾಲಿಯಿತ್ತು. ‘ವಿಫಲ’ ಎಂದೇ ಹನ್ನೊಂದು ಸಲ ಬರೆದು ಚಿಪ್ಪನ್ನು ಕಸದ ಡಬ್ಬಿಗೆ ಹಾಕಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ಎಂಜಿನಿಯರ್ ಬಂದು, ಕೇಳಬೇಕಲ್ಲ ಅಂತ ಕೇಳಿದ.

“ಏನಾದ್ರೂ ಆಯ್ತಾ ಅಕ್ಕ?”

“ಬಾ ಇಲ್ಲಿ,” ಎಂದಳು ಹದ್ದಕ್ಕ. “ಕಣ್ಣಿಟ್ಟು ನೋಡು.”

ಆ ಹುಡುಗ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಮೂರು ದಿನ ಅವಳ ಪಕ್ಕ ಕೂತು, ಎಷ್ಟು ತಾಕಿಸುತ್ತೀರಿ, ಎಷ್ಟು ಉಜ್ಜುತ್ತೀರಿ, ಎಷ್ಟು ಒತ್ತುತ್ತೀರಿ ಎಂದು ಅಳೆದು ಬರೆದುಕೊಂಡ. ಅವಳ ಇಪ್ಪತ್ತೆರಡು ವರ್ಷದ ಕೈ ಅರ್ಧ ಹಾಳೆಯಲ್ಲಿ ಹಿಡಿಸಿತು.

ಐದು ತಿಂಗಳಿಗೆ ಎರಡು ಯಂತ್ರ ಬಂದವು. ಆ ಅರ್ಧ ಹಾಳೆಯನ್ನು ಅವುಗಳ ಹೊಟ್ಟೆಗೆ ತುಂಬಿದ್ದೇ ತಡ, ಹೆಂಗಸರು ದಿನವಿಡೀ ಮಾಡುತ್ತಿದ್ದ ಕೆಲಸವನ್ನು ಊಟದ ಹೊತ್ತಿಗೆ ಮುಗಿಸಿ ಕೂತವು. ತಾಮ್ರಕ್ಕೆ ತೋಳು ಒದರಿಸುವ ಅಗತ್ಯವೂ ಇರಲಿಲ್ಲ. ಮೊದಲು ಕಾವಲಿನವಳು ಹೋದಳು. ಆಮೇಲೆ ಒಂದು ಶುಕ್ರವಾರ ಹದಿನೆಂಟು ಹೆಂಗಸರ ಕೈಗೆ ಹದಿನೆಂಟು ಲಕೋಟೆ. ಹತ್ತೊಂಬತ್ತನೆಯವಳಾದ ಹದ್ದಕ್ಕನನ್ನು ಯಂತ್ರ ನೋಡಿಕೊಳ್ಳಲು ಇಟ್ಟುಕೊಂಡರು.

ಹದ್ದಕ್ಕ ನಿಲುವಂಗಿಯಲ್ಲೇ ಎಂಜಿನಿಯರನ ಕೋಣೆಗೆ ಹೋದಳು. ಅವನಿಗೆ ಈಗ ಗಾಜಿನ ಬಾಗಿಲಿನ ದೊಡ್ಡ ಕೋಣೆ.

“ನನ್ನ ತಂಗೀನಾದ್ರೂ ಉಳಿಸಪ್ಪ.”

“ಅದು ನನ್ನ ಕೈಲಿಲ್ಲ ಅಕ್ಕ.”

“ಇದನ್ನ ಹೇಳಿಕೊಟ್ಟವಳು ನಾನು.”

“ನಾನೆಲ್ಲಿ ಇಲ್ಲ ಅಂದೆ? ವರದಿಯಲ್ಲಿ ಬರೆದಿದೀನಿ ನೋಡಿ,” ಎಂದು ಪುಟ ತಿರುವಿ ತೋರಿಸಿದ. ‘ಅನುಭವಿ ಸಿಬ್ಬಂದಿಯ ನೆರವಿನೊಂದಿಗೆ’ ಎಂದಿತ್ತು. ಹೆಸರಿರಲಿಲ್ಲ. ಇದ್ದಿದ್ದರೂ ಅದನ್ನು ಅವಳು ಯಾರಿಗೆ ತೋರಿಸಬೇಕಿತ್ತು?

ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಚಿನ್ನದ ಮಾತೇ ಆಡುತ್ತಿದ್ದರು. ಬೆಲೆ ಮತ್ತೆ ಏರಿದೆಯಂತೆ. “ತಾಮ್ರ ಬರ್ಲಿ, ಇನ್ನೊಂದು ಬರ್ಲಿ, ಅದಕ್ಕೇನೂ ಆಗಲ್ಲ ಬಿಡ್ರಿ. ಚಿನ್ನವನ್ನ ಜನ ಕೆಲಸಕ್ಕೆ ಕೊಳ್ಳಲ್ಲ, ಭಯಕ್ಕೆ ಕೊಳ್ತಾರೆ,” ಎಂದ ಒಬ್ಬ. ಹದ್ದಕ್ಕ ಎರಡು ಸ್ಟಾಪು ಮೊದಲೇ ಇಳಿದು ನಡೆದಳು.

ತಂಗಿ ಅವಳೊಂದಿಗೆ ಮಾತು ಬಿಟ್ಟಳು. ಫೋನ್ ಮಾಡಿದರೆ ಗಂಡ ಎತ್ತಿ, “ಮಲಗಿದಾಳೆ ಅತ್ತಿಗೆ,” ಅನ್ನುತ್ತಿದ್ದ. ಬೆಳಗಿನ ಹನ್ನೊಂದು ಗಂಟೆಗೂ ಮಲಗಿರುತ್ತಿದ್ದಳು. ಕೊನೆಗೆ ಅವಳು ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಗೆ ಸೇರಿದ್ದಾಳೆಂದು ತಿಳಿದು, ಹದ್ದಕ್ಕ ರಜೆ ಹಾಕಿ ಅಲ್ಲಿಗೇ ಹೋದಳು.

ಒಳಗೆ ಹಬೆ ಮುಖಕ್ಕೆ ಹೊಡೆಯಿತು. ಹೋಟೆಲುಗಳ ಬಿಳಿ ಚಾದರಗಳು ಎದೆಯೆತ್ತರ ಪೇರಿಸಿದ್ದವು. ತಂಗಿ ನಿಂತು ಇಸ್ತ್ರಿ ಮಾಡುತ್ತಿದ್ದಳು. ಬಲಗೈ ಮೇಲೆ ಹೊಸ ಸುಟ್ಟ ಗಾಯ.

“ಮುಲಾಮು ಹಚ್ಚಿದ್ಯಾ?”

“ಹಚ್ದೆ.”

“ನನ್ನ ಮೇಲೆ ಎಷ್ಟು ದಿನ ಕಣೇ ಈ ಕೋಪ? ನಾನಲ್ದಿದ್ರೆ ಇನ್ನೊಬ್ರು ಯಾರೋ ಕಂಡುಹಿಡೀತಿದ್ರು. ಬೇರೆ ಕಡೆ ಆಗಲೇ ಮಾಡ್ತಿದ್ರಂತೆ.”

“ಹಿಡೀತಿದ್ರು ಬಿಡು. ಆ ಇನ್ನೊಬ್ರನ್ನ ನಾನು ಮನಸಾರೆ ಬೈಕೋತಿದ್ದೆ. ಈಗ ಅದೂ ಇಲ್ಲ.” ತಂಗಿ ಚಾದರ ಮಗುಚಿ ಹಾಕಿದಳು. “ನಿನಗೇನಾದ್ರೂ ಕೊಡ್ತೀನಿ ಅಂದಿದ್ರಾ?”

“ಇಲ್ಲ.”

“ಹೆದರಿಸಿದ್ರಾ?”

“ಇಲ್ಲ.”

“ಮತ್ಯಾಕೆ ಹೇಳ್ದೆ?”

ಹದ್ದಕ್ಕ ಸುಳ್ಳು ಹುಡುಕಿದಳು, ಸಿಗಲಿಲ್ಲ. “ಹನ್ನೊಂದೂ ನಿಂತ್ಬಿಟ್ವು ಕಣೇ. ಯಾರಿಗಾದ್ರೂ ತೋರಿಸ್ಬೇಕು ಅನ್ನಿಸ್ತು.”

ತಂಗಿಯ ಕೈ ನಿಂತಿತು. ಅಕ್ಕನ ಮುಖವನ್ನು, ಅಪರಿಚಿತರನ್ನು ನೋಡುವಂತೆ, ಸ್ವಲ್ಪ ಹೊತ್ತು ನೋಡಿದಳು.

“ನಾನು ಪಕ್ಕದಲ್ಲೇ ಕೂತಿದ್ನಲ್ಲ,” ಎಂದಳು. “ನನ್ನ ಕರೆದು ತೋರಿಸ್ಬೇಕಿತ್ತು.”

ಚಾದರದ ಮೂಲೆಯಿಂದ ಸುಟ್ಟ ವಾಸನೆ ಎದ್ದಿತು. ತಂಗಿ ಗಾಬರಿಯಿಂದ ಇಸ್ತ್ರಿಪೆಟ್ಟಿಗೆ ಎತ್ತಿ, ಕಲೆಯನ್ನು ಒಳಗಾಗಿಸಿ ಚಾದರವನ್ನು ಬೇಗಬೇಗ ಮಡಚಿದಳು. “ಮೇಸ್ತ್ರಿ ಈ ಕಡೇನೇ ನೋಡ್ತಿದಾನೆ. ನೀನು ಹೊರಡು.”

ಹದ್ದಕ್ಕ ಹೊರಟಳು. ಬಾಗಿಲವರೆಗೂ ಹಿಂದಿನಿಂದ ಕರೆ ಬಂದೀತೆಂದು ನಿಧಾನವಾಗಿಯೇ ನಡೆದಳು. ಹಬೆಯ ಸದ್ದಷ್ಟೇ ಕೇಳಿಸುತ್ತಿತ್ತು.