ಬಿಚ್ಚದ ಕೆಂಪು ಚೀಲ

ಪೆರೆಸ್ ಕಟ್ಟಿದ ಚೀಲವನ್ನು ಬಿಚ್ಚಿಸಲು ಸಾಕ್ಷಾತ್ ದೇವರೇ ಬಂದರೂ ಬರಿಗೈಯಲ್ಲಿ ವಾಪಸು ಹೋಗಬೇಕಿತ್ತು. ಕಗುಟು ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಸರೋವರದ ದಂಡೆಯ ಆಸ್ಪತ್ರೆಗಳಿಂದ ಸೂಜಿ, ರಕ್ತದ ಬಟ್ಟೆ, ಅವಧಿ ಮುಗಿದ ಔಷಧಿಗಳನ್ನೆಲ್ಲ ಲಾರಿಯಲ್ಲಿ ತಂದು ಸುಟ್ಟು, ಬೂದಿಯನ್ನು ಸಿಮೆಂಟಿನಲ್ಲಿ ಕಲಸಿ ಹೂಳುವ ಸರ್ಕಾರಿ ಅಂಗಳಕ್ಕೆ ಅವಳೇ ಯಜಮಾನಿ. ಹಳದಿ ಚೀಲದ್ದು ಕೆಂಪಿಗೆ ಬೆರೆಯಬಾರದು, ಕಟ್ಟಿದ ಚೀಲ ಬಿಚ್ಚಬಾರದು ಎಂಬುದು ಅವಳ ಕಟ್ಟಪ್ಪಣೆ. ಹಿಂದೊಮ್ಮೆ ಜೋರಾಮ್ ಎಂಬ ಕೆಲಸಗಾರ ಬಿದ್ದ ಮೊಬೈಲಿಗಾಗಿ ಕಟ್ಟಿದ ಚೀಲಕ್ಕೆ ಕೈ ಹಾಕಿ ಸೂಜಿ ಚುಚ್ಚಿಸಿಕೊಂಡಿದ್ದ. ತಿಂಗಳಿಡೀ ಮಾತ್ರೆ ನುಂಗುತ್ತ, ಹೆಂಡತಿಯ ಮುಖ ನೋಡಲೂ ಹೆದರುತ್ತ ಬದುಕಿದ. ಪುಣ್ಯಕ್ಕೆ ಏನೂ ಆಗಲಿಲ್ಲ. ಅಂದಿನಿಂದ ಪೆರೆಸಳ ಬಾಯಿಗೆ ಊರು ಹೆದರಿತು.

ಆ ಅಂಗಳದ ಮಣ್ಣು ಅವಳ ಅತ್ತೆ ದೋರ್ಸಿಲಾ ಬಿಟ್ಟುಕೊಟ್ಟದ್ದು. ದೋರ್ಸಿಲಾಳ ಗಂಡನ ಪಾಲಿಗೆ ಬಂದಿದ್ದ ಕಲ್ಲುದಿಬ್ಬ. ಮೇಕೆಗೂ ಬೇಡದ ಜಾಗ. ಕೊಟ್ಟಾಗ ಅವಳ ಮೈದುನ ಬರ್ನಬಾ ಮನೆಗೇ ಬಂದು ಕೂಗಾಡಿದ್ದ. "ಹಿರಿಯರ ಮಣ್ಣನ್ನ ಊರೂರ ಹೊಲಸಿಗೆ ಕೊಟ್ಟೆಯಲ್ಲ, ಅತ್ತಿಗೆ."

"ಒಂದು ಚೀಲಾನೂ ಇಲ್ಲಿ ಬಿಚ್ಚಲ್ಲ ಅಂತ ಸೊಸೆ ನನ್ನ ಕೈ ಹಿಡಿದು ಮಾತು ಕೊಟ್ಟಿದ್ದಾಳೆ," ಎಂದಿದ್ದಳು ದೋರ್ಸಿಲಾ. "ನಿನ್ನ ಮಕ್ಕಳು ದಂಡೇಲಿ ಸೂಜಿ ತುಳಿಯೋದು ತಪ್ಪತ್ತೆ. ಚಹಾ ಕುಡಿದು ಹೋಗು."

ಅತ್ತೆ ಸೊಸೆ ಇಬ್ಬರೂ ವಿಧವೆಯರು. ಒಂದೇ ಒಲೆ, ಒಂದೇ ರೇಡಿಯೋ, ದಿನಕ್ಕೆ ಹತ್ತು ಜಗಳ. ಪೆರೆಸಳ ಮಗಳು ಮಾರ್ಸೆಲಾ ಬಸುರಿಯಾಗಿ ಮನೆಗೆ ಬಂದಾಗಲೂ ಇಬ್ಬರೂ ಒಂದು ಮಾತು ಕೇಳಲಿಲ್ಲ. ಬಸುರು ಮಾಡಿದವನು ಫೋನು ಎತ್ತುತ್ತಿರಲಿಲ್ಲ. ಕೇಳಿದವನು ಬರ್ನಬಾ ಒಬ್ಬನೇ. "ಅಪ್ಪ ಇಲ್ಲದ ಕೂಸು. ಅದರ ಮಾಸು ಎಲ್ಲಿ ಹೂಳ್ತೀರಿ?"

ಆ ಕಡೆ ನಿನ್ನ ಮನೆ ಯಾವುದು ಎಂದರೆ, ಹೆರಿಗೆಯಲ್ಲಿ ನಿನ್ನ ಹಿಂದೆ ಬಂದ ಮಾಸು ಹೂತದ್ದೆಲ್ಲಿ ಎಂದೇ ಅರ್ಥ. ಮಾಸು ಹೂತ ಮಣ್ಣಿನಿಂದ ಯಾರನ್ನೂ ಎಬ್ಬಿಸುವಂತಿಲ್ಲ. ಮಾಸು ಹೂಳದೆ ಉಳಿದವರಿಗೆ ಎಲ್ಲೂ ನೆಲೆಯಿಲ್ಲ. "ನಮ್ಮ ಮನೆ ಬಾಗಿಲ ಪಕ್ಕದಲ್ಲೇ ಹೂಳ್ತೀನಿ. ಬಂದು ನೋಡು," ಎಂದು ದೋರ್ಸಿಲಾ ಮೊಮ್ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದ್ದಳು.

ಹೆರಿಗೆಯ ದಿನ ಅವಳು ಬಾಳೆಲೆ ಹಾಸಿದ ಡಬ್ಬಿ ಹಿಡಿದು ವಾರ್ಡಿನ ಬಾಗಿಲಲ್ಲೇ ಕೂತಳು. ಸೋಂಕಿಲ್ಲದಿದ್ದರೆ, ಮನೆಯವರು ಕೇಳಿದರೆ, ಚೀಲಕ್ಕೆ ಹೋಗುವ ಮುಂಚೆ ಮಾಸು ಕೊಡಬಹುದು ಎಂಬ ನಿಯಮವನ್ನು ಸೊಸೆಯೇ ಹೇಳಿದ್ದಳು. ಆದರೆ ಕೇಳಬೇಕಲ್ಲ. ಹಳೆಯ ಹೆಂಗಸರು ಮಾಸಿನ ಹೆಸರನ್ನು ಪರಕೀಯರ ಮುಂದೆ ಎತ್ತುವುದಿಲ್ಲ. ಮೂಕವಾಗಿ ಡಬ್ಬಿ ಒಡ್ಡುತ್ತಾರೆ, ಸೂಲಗಿತ್ತಿ ಅರ್ಥ ಮಾಡಿಕೊಳ್ಳುತ್ತಾಳೆ. ಆವತ್ತಿದ್ದ ನರ್ಸು ಬೆಟ್ಟದ ಸೀಮೆಯಿಂದ ಹೊಸದಾಗಿ ಬಂದ ಹುಡುಗಿ. ಹೆಣ್ಣು ಮಗು ಹುಟ್ಟಿತು. ದೋರ್ಸಿಲಾ ಡಬ್ಬಿ ಒಡ್ಡಿದಳು. ಪಾಪ, ಮುದುಕಿಗೆ ಹಸಿವು ಎಂದುಕೊಂಡ ಹುಡುಗಿ ಡಬ್ಬಿಯನ್ನು ಒಳಗೊಯ್ದು, ಬಿಸಿ ರಾಗಿ ಗಂಜಿ ತುಂಬಿ, ಮುಚ್ಚಳ ಹಾಕಿ, ನಗುತ್ತ ತಂದುಕೊಟ್ಟಳು. ಮಾಸನ್ನು ಪೆರೆಸ್ ಕಲಿಸಿದ್ದ ಹಾಗೆ ಆ ಕ್ಷಣವೇ ಕೆಂಪು ಚೀಲಕ್ಕೆ ಹಾಕಿ, ಬಿಗಿದು, ತಾಯಿಯ ಹೆಸರಿನ ಚೀಟಿ ಅಂಟಿಸಿದಳು.

ದೋರ್ಸಿಲಾ ಡಬ್ಬಿಯನ್ನು ಎದೆಗವಚಿಕೊಂಡು ಮನೆಗೆ ನಡೆದಳು. ಬೆಚ್ಚಗಿತ್ತು, ಅನುಮಾನವೇ ಬರಲಿಲ್ಲ. ಬಾಗಿಲ ಪಕ್ಕ ಗುಣಿ ತೋಡಿ, ಮುಚ್ಚಳ ತೆಗೆದು ನೋಡಿದರೆ ಗಂಜಿ.

ಅಷ್ಟರಲ್ಲಿ ಆ ದಿನದ ಲಾರಿ ದಿಬ್ಬ ಹತ್ತಿತ್ತು. ಮಗಳ ಹೆಸರಿದ್ದ ಚೀಲವನ್ನು ಇಳಿಸಿಕೊಂಡ ಪೆರೆಸ್, ಅತ್ತೆ ತನ್ನ ಪಾಲಿನದನ್ನು ಆಗಲೇ ಒಯ್ದಿರುತ್ತಾಳೆ, ಇದು ಬರೀ ಹತ್ತಿಬಟ್ಟೆ ಎಂದುಕೊಂಡು ಪಕ್ಕಕ್ಕಿಟ್ಟಳು. ಅಜ್ಜಿಯಾದ ಸಂಭ್ರಮಕ್ಕೆ ಮುಖಗವಸಿನೊಳಗೇ ಹಾಡು ಗುನುಗುತ್ತಿದ್ದಳು. ಆಗ ಗೇಟಿನ ಹೊರಗೆ ಬಾಡಿಗೆ ಬೈಕೊಂದು ನಿಂತಿತು. ಹಿಂದಿನ ಸೀಟಿನಿಂದ ಎಂಬತ್ತು ದಾಟಿದ ದೋರ್ಸಿಲಾ, ಪಾದದವರೆಗಿನ ಉಡುಪನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಡಬ್ಬಿ ಸಮೇತ ಇಳಿದಳು.

"ಸೆಮೆಯ ಮಗಳೇ," ಎಂದು ಕೂಗಿದಳು. ಸೊಸೆಯನ್ನು ತವರೂರಿನ ಹೆಸರಿಂದಲೇ ಕರೆಯುವುದು ಅವಳ ರೂಢಿ. "ನಿನ್ನ ನರ್ಸಮ್ಮ ನನಗೆ ಗಂಜಿ ಕೊಟ್ಟು ಕಳಿಸಿದ್ದಾಳೆ. ನಮ್ಮದು ಎಲ್ಲಿ?"

ಪೆರೆಸ್ ಡಬ್ಬಿ ನೋಡಿದಳು, ಚೀಲ ನೋಡಿದಳು.

"ಅದು ಚೀಲಕ್ಕೆ ಹೋಗಿದೆ ಅತ್ತೆ. ಕಟ್ಟಿಬಿಟ್ಟಿದ್ದಾರೆ."

"ಸರಿ, ಬಿಚ್ಚು."

"ಆಗಲ್ಲ."

"ಯಾರ ಮುಂದೆ ಹೇಳ್ತಿದ್ದೀಯ? ಅದು ನಿನ್ನ ಮೊಮ್ಮಗಳದ್ದು ಕಣೇ."

"ಒಳಗೆ ಬ್ಲೇಡಿದೆಯೋ ಸೂಜಿಯಿದೆಯೋ ಗೊತ್ತಿಲ್ಲ. ಇವತ್ತು ನಮ್ಮನೇದಕ್ಕೆ ಬಿಚ್ಚಿದರೆ ನಾಳೆ ಜೋರಾಮನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ? ನಿಮಗೇ ಮಾತು ಕೊಟ್ಟಿದ್ದೀನಿ. ನಿಮಗೋಸ್ಕರ ಅದನ್ನ ಮುರಿಯೋದು ಹೇಗೆ?" ಪೆರೆಸ್ ಚೀಲವನ್ನು ತನ್ನ ಹಿಂದಕ್ಕೆ ಸರಿಸಿದಳು. ತೊಟ್ಟಿಲಲ್ಲಿನ ಕೂಸಿಗೆ ಇರುವುದೊಂದೇ ನೆಲೆ, ಅದನ್ನು ತಾನೇ ಸುಡಬೇಕು. ಅತ್ತೆ ಒಂದು ಏಟು ಹೊಡೆದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ದೋರ್ಸಿಲಾ ಹೊಡೆಯಲಿಲ್ಲ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಡಬ್ಬಿಯನ್ನು ಕೆಳಗಿಟ್ಟಳು.

"ನಿನ್ನ ಗಂಡನಿಗೆ ಒವಿತಿ ಅಂತ ಯಾಕೆ ಹೆಸರಿಟ್ಟೆ, ಗೊತ್ತಲ್ಲ?" ಎಂದಳು.

ಗೊತ್ತಿಲ್ಲದೆ ಏನು. ಹೆತ್ತ ಕೂಸುಗಳು ಒಂದರ ಹಿಂದೊಂದು ತೀರಿಕೊಂಡ ಮೇಲೆ, ಸಾವಿನ ಕಣ್ಣು ತಪ್ಪಿಸಲು ಹೊಸ ಕೂಸನ್ನು ತಿಪ್ಪೆಗೆ ಎಸೆದಂತೆ ಮಾಡುತ್ತಾರೆ. ನೆರೆಯವಳೊಬ್ಬಳು ಎತ್ತಿ ತರುತ್ತಾಳೆ. ಹಾಗೆ ಎಸೆದ ಗಂಡುಮಗು ಒವಿತಿ, ಹೆಣ್ಣುಮಗು ಅವಿತಿ.

"ನನ್ನ ಕೈಯಾರೆ ಬೂದಿಗುಡ್ಡೆ ಮೇಲೆ ಮಲಗಿಸಿದ್ದೆ ಅವನನ್ನ. ಬದುಕಿದ, ನಿನ್ನನ್ನ ತಂದ. ತಿಪ್ಪೆ ನಮ್ಮ ಮನೆಗೆ ಎಂದೂ ಕೇಡು ಮಾಡಿಲ್ಲ." ದೋರ್ಸಿಲಾ ಎದ್ದಳು. "ಸುಡು. ಆದರೆ ಅದನ್ನೊಂದನ್ನೇ ಸುಡು, ಊರ ಕಸದ ಜೊತೆ ಬೇಡ. ನಾನು ನಿಂತು ನೋಡ್ತೀನಿ."

"ಹಾಗಿದ್ದರೆ ಬೂಟು ಹಾಕ್ಕೋಬೇಕು."

"ಈ ವಯಸ್ಸಲ್ಲಿ ಬೂಟೇ?"

"ಬೂಟು, ಗವಸು, ಕನ್ನಡಕ, ಎಲ್ಲಾ. ಇಲ್ಲಾಂದ್ರೆ ಗೇಟು ದಾಟೋ ಹಾಗಿಲ್ಲ."

"ನನ್ನ ಮಣ್ಣಿಗೆ ನಾನು ಕಾಲಿಡೋಕೆ ಇವಳ ಅಪ್ಪಣೆ," ಎಂದು ಗೊಣಗುತ್ತ ಮುದುಕಿ ಕಾಲು ಚಾಚಿದಳು. ಪೆರೆಸ್ ಮಂಡಿಯೂರಿ, ಒರಟು ಹಿಮ್ಮಡಿಗಳನ್ನು ಒಂದೊಂದಾಗಿ ದೊಡ್ಡ ರಬ್ಬರ್ ಬೂಟುಗಳೊಳಗೆ ಇಳಿಸಿದಳು. ಜೋರಾಮ್ ನಗು ತಡೆಯಲಾರದೆ ಆಚೆ ತಿರುಗಿ ನಿಂತ. ಗಂಜಿಯ ಡಬ್ಬಿ ಅವನ ಪಾಲಾಯಿತು.

ಅಂಗಳದ ದೊಡ್ಡ ಒಲೆಯಲ್ಲಿ ಆ ಚೀಲವೊಂದೇ ಉರಿಯಿತು. ಮರುದಿನ ತಣ್ಣಗಾದ ಬೂದಿಯನ್ನು ಎಂದಿನಂತೆ ಸಿಮೆಂಟಿನಲ್ಲಿ ಕಲಸಿದರು, ರೊಟ್ಟಿಯಷ್ಟಗಲದ ಬಿಲ್ಲೆಯೊಂದಾಯಿತು. ಅದು ಗಟ್ಟಿಯಾದ ಮೇಲೆ ಹಗ್ಗ ಕಟ್ಟಿ ಗುಂಡಿಗೆ ಇಳಿಸುವಾಗ ಪೆರೆಸ್ ಕೇಳಿದಳು, "ಯಾವ ಕಡೆ ಅತ್ತೆ?" ನಿಯಮದಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ; ಮನೆಯಲ್ಲಾದರೆ ಗಂಡಿನ ಮಾಸು ಬಾಗಿಲ ಬಲಕ್ಕೆ, ಹೆಣ್ಣಿನದು ಎಡಕ್ಕೆ. "ಹೆಣ್ಣು ಕೂಸು, ಎಡಕ್ಕೆ," ಎಂದಳು ದೋರ್ಸಿಲಾ. ಎಡಕ್ಕೇ ಇಳಿಸಿದರು.

ನಾಮಕರಣಕ್ಕೆ ಬರ್ನಬಾ ಬಂದ. ಹುರಿದ ಮೀನು ಮುಗಿಯುವವರೆಗೆ ತಾಳ್ಮೆಯಿಂದಿದ್ದು, ಕೈ ತೊಳೆದು, ಬಾಗಿಲ ಪಕ್ಕ ಮುಚ್ಚದೆ ಬಿಟ್ಟಿದ್ದ ಗುಣಿ ತೋರಿಸಿ ಕೇಳಿದ. "ಇದು ಖಾಲಿ ಇದೆಯಲ್ಲ ಅತ್ತಿಗೆ. ಹೂತದ್ದೆಲ್ಲಿ?"

ಪೆರೆಸ್ ತಲೆ ತಗ್ಗಿಸಿದಳು. ಮಾರ್ಸೆಲಾ ಕೂಸನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ದಿಬ್ಬದಲ್ಲಿ," ಎಂದಳು ದೋರ್ಸಿಲಾ.

"ಅದು ಸರ್ಕಾರದ ಜಾಗ."

"ಬೇಲಿ ಸರ್ಕಾರದ್ದು. ಮಣ್ಣು ನಿನ್ನ ಅಣ್ಣಂದು. ನೀನೇ ಅಂದಿದ್ದೆಯಲ್ಲಪ್ಪ, ಹಿರಿಯರ ಮಣ್ಣು ಅಂತ. ನಿನ್ನ ಮಾಸು ಬಾಳೆಗಿಡದ ಬುಡದಲ್ಲಿದೆ, ಅದನ್ನ ನಾಯಿ ಕೆದಕಿತೋ ಹಂದಿ ತಿಂತೋ ಯಾರು ಬಲ್ಲರು. ಇವಳದ್ದಕ್ಕೆ ಸಿಮೆಂಟಿದೆ, ಬೀಗ ಇದೆ, ಕಾವಲಿಗೆ ಜೋರಾಮ್ ಇದ್ದಾನೆ. ಇವಳನ್ನ ಈ ಮನೆಯಿಂದ ಎಬ್ಬಿಸೋನು ಮೊದಲು ಬೂಟು ಹಾಕ್ಕೊಂಡು ಅಲ್ಲಿಗೆ ಹೋಗಲಿ."

ಬರ್ನಬಾನಿಗೇ ನಗು ಬಂತು. ಕೈ ಚಾಚಿ ಕೂಸನ್ನು ತೊಡೆಗೆ ತೆಗೆದುಕೊಂಡು, "ಹೆಸರೇನು ಇವಳದ್ದು?" ಎಂದ.

"ಅವಿತಿ," ಎಂದಳು ದೋರ್ಸಿಲಾ.

ನೆಂಟರೆಲ್ಲ ಹೋದ ಮೇಲೆ ಪಾತ್ರೆ ತೊಳೆಯುತ್ತ ಪೆರೆಸ್ ಮೆಲ್ಲಗೆ ಹೇಳಿದಳು. "ಆವತ್ತು ಬಿಚ್ಚಿ ಕೊಡಬೇಕಿತ್ತೇನೋ ಅಂತ ಇನ್ನೂ ಅನ್ನಿಸತ್ತೆ ಅತ್ತೆ."

ದೋರ್ಸಿಲಾ ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡು ಒರೆಸತೊಡಗಿದಳು.

"ಬಿಚ್ಚಿದ್ದರೆ," ಎಂದಳು, "ಆ ಮಣ್ಣನ್ನ ಯಾರ ಮಾತು ನಂಬಿ ಕೊಟ್ಟೆ ಅಂತ ನನಗೆ ಸಾಯೋತನಕ ಗೊತ್ತಾಗ್ತಿರಲಿಲ್ಲ."