ಕೆಂಪಣ್ಣನವರ ಶ್ರಮದಾನ

ಶಾಂತಿಗ್ರಾಮದ ದೊಡ್ಡ ರಸ್ತೆಯಿಂದ ತಮ್ಮ ಹಳ್ಳಿಗೆ ಶ್ರಮದಾನದಲ್ಲಿ ದಾರಿ ಮಾಡಿಸುವುದೆಂದು ಪಂಚಾಯ್ತಿ ಚೇರ್ಮನ್ ಕೆಂಪಣ್ಣನವರು ನಿಶ್ಚಯಿಸಿದಾಗ, ಶ್ರಮ ಯಾರದೆಂಬ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಶ್ರಮ ಊರಾಚೆಯ ಕೇರಿಯವರದು, ದಾನ ತಮ್ಮದು. ಸರ್ಕಾರಿ ಜೀಪು ತಮ್ಮ ಬಾಗಿಲಿಗೇ ಬಂದು ನಿಂತಂತೆ ಅವರಿಗೆ ಕನಸೂ ಬಿದ್ದಿತ್ತು. ಹಾಸನದ ಫೋಟೋದವನಿಗೆ ಹೇಳಿಕಳಿಸಿದ್ದೂ ಆಗಿತ್ತು.

ಬ್ಲಾಕ್ ಅಧಿಕಾರಿಗಳು ಬಂದರು. ಇನ್ನೂ ಎಳೆ ವಯಸ್ಸು, ಖಾದಿ ಜುಬ್ಬ, ಮಾತೆತ್ತಿದರೆ ಸಹಕಾರ. ಊರಿನ ಒಗ್ಗಟ್ಟಿನ ಮೇಲೆ ಉದ್ದಕ್ಕೆ ಭಾಷಣ ಮಾಡಿದ ಕೆಂಪಣ್ಣನವರು ಕೇರಿಯವರ ಕಡೆ ತಿರುಗಿ, "ಊಂ, ಗುದ್ಲಿ ಎತ್ಕಳ್ರಲಾ" ಎಂದರು.

ಯಾರೂ ಅಲ್ಲಾಡಲಿಲ್ಲ. ಕೇರಿಯ ಮಲ್ಲಿಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಕೂಲಿ ಅಂದಿದ್ರೆ ಈಗ್ಲೇ ಅಗೀತಿದ್ವಿ ಬುದ್ಧಿ. ದಾನ ಅಂತೀರಲ್ಲ, ಅದು ಇರೋರು ಕೊಡೋದು ಅಲ್ವಾ? ನೀವು ಮುಂದಾಗಿ ಕೊಡಿ, ನಿಮ್ ಇಂದೆ ನಾವೂ ಕೊಡ್ತೀವಿ."

ಕೆಂಪಣ್ಣನವರ ಬಾಯಿಗೆ ಬಂದ ಬೈಗುಳ ಅಧಿಕಾರಿಗಳ ಮುಖ ನೋಡಿ ಗಂಟಲಲ್ಲೇ ನಿಂತಿತು. ಅಧಿಕಾರಿಗಳೋ ಚಪ್ಪಾಳೆ ತಟ್ಟಿಬಿಟ್ಟರು. "ಭೇಷ್! ಮೊದಲ ಗುದ್ದಲಿ ಚೇರ್ಮನ್ನರದು!"

ಕೆಂಪಣ್ಣನವರು ಹಾರ ಹಾಕಿಕೊಂಡೇ ಗುದ್ದಲಿ ಹಿಡಿದು ನಿಂತರು. ಫೋಟೋ ಆಯಿತು. "ಸಾಕಾ ಸಾ?" ಎಂದು ಗುದ್ದಲಿ ಇಳಿಸಿದರು.

"ಸಾಕೇ? ಈಗ ತಾನೇ ಶುರು!" ಅಧಿಕಾರಿಗಳು ಜುಬ್ಬದ ತೋಳು ಮಡಿಸಿ ತಾವೇ ಅಗೆಯತೊಡಗಿದರು. ಸಾಹೇಬರು ಅಗೆಯುವಾಗ ಚೇರ್ಮನ್ ನೆರಳಿನಲ್ಲಿ ಕೂರುವುದು ಹೇಗೆ? ಚೇರ್ಮನ್ ಬೆವರುವಾಗ ಮೆಂಬರ್ ಪುಟ್ಟಸ್ವಾಮಿ ಸುಮ್ಮನಿರುವುದು ಹೇಗೆ? ಅವನೂ ಉಳಿದ ಮೆಂಬರುಗಳೂ ಮಣ್ಣಿನ ಮಂಕರಿ ಹೊತ್ತರು. ಕೇರಿಯವರೂ ಮಾತಿನಂತೆ ಇಳಿದರು. ಮಧ್ಯಾಹ್ನ ಮಜ್ಜಿಗೆ ತಂದ ಕೆಂಪಣ್ಣನವರ ಹೆಂಡತಿ ಸುವರ್ಣಮ್ಮ ಗಂಡನ ಅಂಗೈಯ ಬೊಬ್ಬೆ ನೋಡಿ, "ನಮ್ಮೊಲ್ದಲ್ಲಿ ಒಂದಿನನಾರ ಇಂಗೆ ಅಗ್ದಿದ್ರೆ!" ಎಂದು ನಿಟ್ಟುಸಿರು ಬಿಟ್ಟರು.

ಸಂಜೆಗೆ ದಾರಿ ಊರಿಗಿಂತ ಮೊದಲೇ ಸಿಗುವ ಕೇರಿಯವರೆಗೆ ಬಂತು. ಅಧಿಕಾರಿಗಳು ಸಂತೋಷದಿಂದ ಹೊರಟುಹೋದರು. ಮಾರನೆಯ ದಿನ ಕೆಂಪಣ್ಣನವರಿಗೆ ಸೊಂಟ ಹಿಡಿದಿತ್ತು, ಮೆಂಬರುಗಳಿಗೆಲ್ಲ ಜ್ವರ. "ಬುದ್ಧಿಯೋರು ಬರ್ಲಿ, ನಾವೂ ಬತ್ತೀವಿ" ಎಂದು ಕೇರಿಯವರು ಕಾದರು. ಬುದ್ಧಿಯೋರು ಬರಲಿಲ್ಲ, ದಾರಿ ಮುಂದಕ್ಕೆ ಹೋಗಲಿಲ್ಲ.

ಅಂದಿನಿಂದ ಜೀಪು ಬಂದರೆ ನಿಲ್ಲುವುದು ಕೇರಿಯಲ್ಲೇ. ಅಧಿಕಾರಿಗಳು ಮಲ್ಲಿಗಮ್ಮನ ಜಗಲಿಯಲ್ಲಿ ಕೂತು ಊರಿನ ಸಮಾಚಾರ ಕೇಳುವರು. ಕೆಂಪಣ್ಣನವರು ಅವರನ್ನು ಕಾಣಬೇಕೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ದಾಟಿ ಬರಬೇಕು. ಹಾಗೆ ಮೊದಲ ಸಲ ಬಂದವರು ಜಗಲಿಯ ಮುಂದೆ ನಿಂತೇ ಇದ್ದರು.

"ಕೂತ್ಕೊಳ್ಳಿ ಚೇರ್ಮನ್ನರೇ" ಎಂದರು ಅಧಿಕಾರಿಗಳು.

ಮಲ್ಲಿಗಮ್ಮ ಚಾಪೆ ಹಾಸಿದಳು. "ಕುಂತ್ಕಳಿ ಬುದ್ಧಿ."

ಊರ ಕಡೆಯಿಂದ ಯಾರಾದರೂ ಬರುತ್ತಿದ್ದಾರೆಯೇ ಎಂದು ಕೆಂಪಣ್ಣನವರು ಒಮ್ಮೆ ತಿರುಗಿ ನೋಡಿ, ಚಾಪೆಯ ಅಂಚಿನಲ್ಲಿ ಕೂತರು.