ಎಡ ಅಂಚಿನ ಬೂದು ತೋಳು

ಪೇಟೆಯವರು ಅವನನ್ನು ವಾಚಣ್ಣ ಎಂದು ಕರೆಯುತ್ತಿದ್ದರು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾರವಿಡೀ ಕೈಗಡಿಯಾರಗಳ ಹೊಟ್ಟೆ ಬಗೆಯುವುದು ಅವನ ಕಸುಬು. ಊರವರ ಗಡಿಯಾರವನ್ನೆಲ್ಲ ಸರಿಮಾಡುವವನ ಸ್ವಂತ ಮನೆಯ ಗೋಡೆ ಗಡಿಯಾರ ಮಾತ್ರ ಸದಾ ಹಿಂದೆ. ಯಾರಾದರೂ ಎತ್ತಿ ಆಡಿದರೆ, "ಮನೇಲಿ ಯಾರಿಗ್ರೀ ಅರ್ಜೆಂಟು?" ಎನ್ನುತ್ತಿದ್ದ. ಭಾನುವಾರ ಬೆಳಿಗ್ಗೆ ಮಾತ್ರ ಅವನಿಗೇ ಅರ್ಜೆಂಟು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಬೀದಿಗಿಳಿದನೆಂದರೆ ಮಧ್ಯಾಹ್ನದ ಊಟದವರೆಗೆ ಈ ಮಹಾನಗರ ಪೂರ್ತಿ ಅವನ ಹೆಸರಿಗೆ. ಮೇಲ್ಸೇತುವೆಯ ಕೆಳಗೆ ಕ್ಷೌರ ಮಾಡಿಸಿಕೊಳ್ಳುವವರು, ಬಾಗಿಲೆಳೆದ ಅಂಗಡಿಗಳ ಮುಂದೆ ಮಲಗಿದ ನಾಯಿಗಳು, ಟಾರ್ಪಾಲಿನ ತೂತಿನಿಂದ ಇಳಿಯುವ ಬಿಸಿಲು, ಎಲ್ಲವೂ ಅವನಿಗೆ ಬೇಕು.

ಆ ಭಾನುವಾರಗಳಿಗೇ ಈಗ ಸಂಚಕಾರ ಬಂದಿತ್ತು. ಮೀನು ಮಾರುಕಟ್ಟೆಯ ಬಳಿ ತಳ್ಳುಗಾಡಿಯೊಂದಕ್ಕೆ ಡಿಕ್ಕಿ ಹೊಡೆದು ಮೊಣಕಾಲು ತರಚಿಸಿಕೊಂಡು ಬಂದದ್ದು ನೆವವಾಯಿತು. ಅದಕ್ಕೂ ಕೆಲವು ದಿನ ಮುಂಚೆ ಮೇಜಿನ ಮೇಲಿದ್ದ ಗಾಜಿನ ಲೋಟ ಅವನ ಮೊಣಕೈ ತಾಗಿ ಪುಡಿಯಾಗಿತ್ತು. ಹೆಂಡತಿ ಎರಡನ್ನೂ ಸೇರಿಸಿ ಗಂಟು ಹಾಕಿದಳು.

"ಇನ್ಮೇಲೆ ಒಬ್ರೇ ಹೋಗೋದು ಬೇಡ. ಇಲ್ಲಾಂದ್ರೆ ಕಣ್ಣಾದ್ರೂ ತೋರಿಸ್ಕೊಂಡು ಬನ್ನಿ."

"ಕಣ್ಣಾ? ನನ್ನ ಕಣ್ಣಾ? ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನ ಚಿಮಟದಲ್ಲಿ ಹಿಡಿದು ಕೂರಿಸ್ತೀನಿ ಕಣೇ ನಾನು! ಕಣ್ಣಿಲ್ಲದೋನು ಆ ಗಾಡಿಯೋನು, ಹೋಗಿ ಅವನಿಗೆ ಹೇಳು."

"ಸರಿ ಬಿಡಿ. ಇನ್ನೊಂದು ಸಲ ಎಲ್ಲಾದ್ರೂ ಬಿದ್ದು ಬಂದ್ರೆ ಆ ಕ್ಯಾಮೆರಾ ಬೀರು ಸೇರತ್ತೆ. ಬೀಗದ ಕೈ ನನ್ ಹತ್ರ ಇರತ್ತೆ."

ಹೇಳಿದ್ದನ್ನು ಮಾಡುವ ಹೆಂಗಸು ಅವಳು. ಹಾಗಾಗಿ ಆಮೇಲೆ ಆದ ಸಣ್ಣಪುಟ್ಟ ಗಾಯಗಳನ್ನು ಅವನು ಪ್ಯಾಂಟಿನೊಳಗೇ ಇಟ್ಟುಕೊಂಡ. ಕ್ಯಾಮೆರಾ ಹೋದರೆ ತನಗೆ ಉಳಿಯುವುದು ಮೆಟ್ಟಿಲ ಕೆಳಗಿನ ಕತ್ತಲೆಯೊಂದೇ ಎಂದು ಅವನಿಗೆ ಗೊತ್ತಿತ್ತು.

ತೆಗೆದ ಚಿತ್ರಗಳನ್ನು ಅವನು ಮನೆಯ ಟಿವಿಗೆ ಹಾಕಿ, ಮೂಲೆಯಿಂದ ಮೂಲೆಗೆ ಕಣ್ಣಾಡಿಸಿ ನೋಡುತ್ತಿದ್ದ. ಹಾಗೆ ನೋಡುವಾಗ ಒಂದು ದಿನ ಕಣ್ಣಿಗೆ ಬಿದ್ದದ್ದು ಆ ತೋಳು. ದೋಣಿಕಟ್ಟೆಯ ಒಳ್ಳೆಯ ಚಿತ್ರ, ಅದರ ಎಡ ಅಂಚಿನಲ್ಲಿ ಯಾರದೋ ಬೂದು ಜಾಕೆಟ್ಟಿನ ತೋಳು ಅಡ್ಡ ಬಂದು ಎಲ್ಲ ಹಾಳು. "ದರಿದ್ರದೋನು," ಎಂದು ಬೈದುಕೊಂಡು ಮುಂದಿನದಕ್ಕೆ ಹೋದ. ಹಳೆಯ ಚಿತ್ರಮಂದಿರದ ಮೆಟ್ಟಿಲು. ಅಲ್ಲೂ ಎಡ ಅಂಚಿನಲ್ಲಿ ಬೂದು ತೋಳು. ಹಿಂದಿನ ವಾರದ್ದು, ಅದರ ಹಿಂದಿನ ವಾರದ್ದು ತೆಗೆದು ನೋಡಿದ. ಊರಿನ ಆ ತುದಿಯಲ್ಲೂ ಅದೇ, ಈ ತುದಿಯಲ್ಲೂ ಅದೇ. ಒಂದರಲ್ಲಿ ತೋಳು, ಒಂದರಲ್ಲಿ ಭುಜ, ಇನ್ನೊಂದರಲ್ಲಿ ಟೋಪಿಯ ಅಂಚು. ಮುಖ ಮಾತ್ರ ಎಲ್ಲಿಯೂ ಇಲ್ಲ.

ಯಾರೋ ತನ್ನ ಬೆನ್ನು ಹತ್ತಿದ್ದಾರೆ. ಅದೂ ಎಂಥ ಪಳಗಿದ ಆಸಾಮಿ! ಇಷ್ಟು ಹತ್ತಿರ ಬಂದರೂ ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ.

ಅಂದಿನಿಂದ ಅವನು ತಲೆಗೆ ಹುಳ ಬಿಟ್ಟುಕೊಂಡ. ಹಿಂದೊಂದು ದಿನ ರಸ್ತೆ ದಾಟುವಾಗ ಯಾರೋ ಹೆಗಲ ಚೀಲವನ್ನು ಜಗ್ಗಿದ್ದರು. ಜೇಬುಗಳ್ಳನೆಂದುಕೊಂಡು ಚೀಲವನ್ನು ಎದೆಗವಚಿಕೊಂಡಿದ್ದ; ಅಷ್ಟರಲ್ಲಿ ಬಸ್ಸೊಂದು ಮೂಗಿನ ಮುಂದೆಯೇ ಸುಯ್ಯೆಂದು ಹೋಗಿತ್ತು. ಅದೂ ಇವನದೇ ಕೆಲಸವೇ? ಕ್ಯಾಮೆರಾದ ಮೇಲೆ ಕಣ್ಣೇ? ಬಂದ ಭಾನುವಾರ ಮೈಯೆಲ್ಲ ಕಣ್ಣಾಗಿ ನಡೆದ. ಹತ್ತು ಹೆಜ್ಜೆಗೊಮ್ಮೆ ಬಲಭುಜದ ಮೇಲಿಂದ ಗಕ್ಕನೆ ಹಿಂದಿರುಗಿ ನೋಡಿದ. ಬಾಳೆಹಣ್ಣಿನವನು ತನ್ನ ಮೇಲೇ ಕಳ್ಳತನದ ಅನುಮಾನವೆಂದು ತಿಳಿದು, "ಏನ್ ಸ್ವಾಮಿ ಹಂಗ್ ನೋಡ್ತೀರಾ?" ಎಂದು ಜಗಳಕ್ಕೆ ಬಂದ. ಬೂದು ಜಾಕೆಟ್ಟಿನವನ ಸುಳಿವಿಲ್ಲ. ಮನೆಗೆ ಬಂದು ಟಿವಿಗೆ ಹಾಕಿದರೆ ಬಾಳೆಹಣ್ಣಿನ ಗಾಡಿಯ ಪಕ್ಕದಲ್ಲೇ ತೋಳು ಇತ್ತು. ಈ ಸಲ ಮೊಣಕೈಯೂ ಕಂಡಿತು, ಮೊಣಕೈಗೊಂದು ಕೆಂಪು ರೆಕ್ಸಿನ್ ತೇಪೆಯೂ.

ತೇಪೆ ನೋಡಿದ್ದೇ ಅವನ ಹಲ್ಲು ಕಟಕಟ ಎಂದಿತು. ಬೂದು ಜಾಕೆಟ್ಟಿಗೆ ಕೆಂಪು ರೆಕ್ಸಿನ್ ಹಾಕಿ ಹೊಲಿಯುವ ರಸಿಕ ಈ ಭೂಮಂಡಲದಲ್ಲಿ ಒಬ್ಬನೇ, ಸ್ಕೂಟರ್ ಸೀಟು ಹೊಲಿಯುವ ಅವನ ಭಾಮೈದ. ಭಾವ ಭಾಮೈದರದ್ದು ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ಅಂದರೆ ಇದು ಅಕ್ಕ ತಮ್ಮ ಸೇರಿ ಹೆಣೆದ ಬಲೆ. ತಾನು ಎಡವುವುದನ್ನು ತಮ್ಮ ನೋಡಿ ಬರಬೇಕು, ಅಕ್ಕ ಬೀರುವಿಗೆ ಬೀಗ ಹಾಕಬೇಕು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರೆ. ಆಮೇಲೆ ಮನೆಯಲ್ಲಿ ಎಲ್ಲವೂ ಹಾಗೇ ಕಾಣತೊಡಗಿತು. ಭಾನುವಾರ ಊಟ ತಡವಾಗುವುದೇಕೆ? ಅವತ್ತು ತಾನು ಬಂದಾಗ ಮನೆಗೆ ಬೀಗವೇಕಿತ್ತು? ತರಕಾರಿಗೆ ಹೋಗಿದ್ದೆ ಎಂದು ಬೆವರೊರೆಸಿಕೊಳ್ಳುತ್ತ ಬಂದವಳ ಚೀಲದಲ್ಲಿ ಒಂದು ನಿಂಬೆಹಣ್ಣು ಬಿಟ್ಟರೆ ಏನೂ ಇರಲಿಲ್ಲವಲ್ಲ! ತಮ್ಮನಿಂದ ವರದಿ ತೆಗೆದುಕೊಳ್ಳಲು ಹೋಗಿದ್ದಳು, ಇನ್ನೇನು.

ಅಂಗಡಿಗೆ ಅರ್ಧ ದಿನ ರಜೆ ಹಾಕಿ ಭಾಮೈದನ ಬಳಿಗೆ ಹೋದ. ಅವನು ಸೀಟೊಂದನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಮೊಳೆ ಕೀಳುತ್ತಿದ್ದ.

"ನಿನ್ನ ಬೂದು ಜಾಕೆಟ್ ಎಲ್ಲಪ್ಪಾ?" ಎಂದ ವಾಚಣ್ಣ, ಪೊಲೀಸರ ಗತ್ತಿನಲ್ಲಿ.

ಭಾಮೈದ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿದ. "ಯಾಕ್ ಭಾವ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಕೇಳಿದ್ದಕ್ಕೆ ಹೇಳು."

"ಅದನ್ನ ಅಕ್ಕ ತಗೊಂಡು ಹೋಗಿ ಬಹಳ ದಿನ ಆಯ್ತು. ಟೋಪಿನೂ ತಗೊಂಡ್ಲು. ಯಾತಕ್ಕೆ ಅಂದೆ, ನಿಂಗ್ಯಾಕೋ ಅಂದ್ಲು. ನಾನು ಸುಮ್ನಾದೆ. ಅಕ್ಕನ ಬಾಯಿಗೆ ಎದುರಾಡೋ ಗಂಡಸು ನಮ್ಮನೇಲಿ ಹುಟ್ಟಿಲ್ಲ, ನಿಮ್ಗೆ ಗೊತ್ತಲ್ಲ."

ಭಾನುವಾರವೆಲ್ಲ ಭಾಮೈದನಿಗೆ ಅಂಗಡಿಯೇ ಗತಿ, ಗಿರಾಕಿ ಬರುವುದೇ ಅವತ್ತು. ಅದೂ ನಿಜವೇ. ಹಾಗಾದರೆ ಹೆಂಡತಿ ಆ ಜಾಕೆಟ್ಟನ್ನು ಯಾರಿಗೆ ಕೊಟ್ಟಳು? ಬೇರೆ ಗಂಡಸಿಗೆ ಕೊಟ್ಟು ಗಂಡನ ಹಿಂದೆ ಬಿಟ್ಟಿದ್ದಾಳೆಯೇ? ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವಳು! ವಾಚಣ್ಣನಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಆದರೂ ಬಾಯಿ ಬಿಡಲಿಲ್ಲ. ಮೊದಲು ಆಸಾಮಿ ಕೈಗೆ ಸಿಗಲಿ, ಆಮೇಲೆ ಇವಳ ವಿಚಾರ.

ಹಿಂದಿರುಗಿ ನೋಡಿದರೆ ಆ ಆಸಾಮಿ ಕಂಬದ ಮರೆಗೋ ಜನದ ಮರೆಗೋ ಸರಿಯುತ್ತಾನೆ. ತಿರುಗದೆಯೇ ಹಿಡಿಯಬೇಕು. ವಾಚಣ್ಣ ಲೆಕ್ಕ ಹಾಕಿ ಕನ್ನಡಿ ಅಂಗಡಿಗಳ ಬೀದಿಯನ್ನು ಆರಿಸಿಕೊಂಡ. ಅಲ್ಲಿ ಫುಟ್‌ಪಾತಿನುದ್ದಕ್ಕೂ ಬೀರುವಿನ ಕನ್ನಡಿ, ಬಚ್ಚಲ ಕನ್ನಡಿ, ಕ್ಷೌರದಂಗಡಿಯ ಕನ್ನಡಿಗಳನ್ನು ಗೋಡೆಗೆ ಒರಗಿಸಿಟ್ಟಿರುತ್ತಾರೆ. ಭಾನುವಾರ ಬೆಳಿಗ್ಗೆ ಏನೂ ಅರಿಯದವನಂತೆ ಅಡ್ಡಾಡುತ್ತ ಹೋಗಿ, ಆಳೆತ್ತರದ ಕನ್ನಡಿಯೊಂದರಿಂದ ತುಸು ದೂರ ನಿಂತು, ನೇರವಾಗಿ ಅದಕ್ಕೇ ಕ್ಯಾಮೆರಾ ಹಿಡಿದು, ಕನ್ನಡಿಯ ಮೂಲೆಮೂಲೆಯನ್ನೂ ಹುಡುಕಿದ.

ಬೂದು ಜಾಕೆಟ್ಟು ಕಂಬದ ಮರೆಯಲ್ಲಿರಲಿಲ್ಲ. ಅವನ ಪಕ್ಕದಲ್ಲೇ, ಎಡ ಭುಜದ ಬಳಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿತ್ತು. ಟೋಪಿಯ ಕೆಳಗೆ ಹೆಂಡತಿಯ ಮುಖ. ಅವಳು ಕನ್ನಡಿಯನ್ನಾಗಲಿ ಅವನನ್ನಾಗಲಿ ನೋಡುತ್ತಿರಲಿಲ್ಲ. ರಸ್ತೆಯ ಕಡೆಯಿಂದ ಗಾಜಿನ ಹಾಳೆ ಹೊತ್ತು ಬರುತ್ತಿದ್ದ ಆಳುಗಳನ್ನು ನೋಡುತ್ತ, ಅವನ ಚೀಲದ ಪಟ್ಟಿಯನ್ನು ಮೆಲ್ಲಗೆ ಹಿಡಿದು ಒಂದು ಹೆಜ್ಜೆ ಈಚೆಗೆ ಜಗ್ಗಿದಳು. ಆಳುಗಳು ಅವನನ್ನು ಸವರಿಕೊಂಡು ಹೋದರು.

"ಸಿಕ್ಕಿಬಿದ್ಯಾ!" ಎಂದು ಎಡಕ್ಕೆ ತಿರುಗಿದ. ಯಾರೂ ಇಲ್ಲ. ಇನ್ನಷ್ಟು ತಿರುಗಿದ. ಆಗ ಕಂಡಳು. ಅವಳು ನಿಂತಲ್ಲಿಂದ ಅಲ್ಲಾಡಿರಲೇ ಇಲ್ಲ.

"ಎಷ್ಟು ದಿನದಿಂದ ಹಿಂಗೆ ಬಚ್ಚಿಟ್ಕೊಂಡು ನನ್ ಹಿಂದೆ ಬರ್ತಿದೀಯಾ?"

"ಬಚ್ಚಿಟ್ಕೊಂಡಾ?" ಹೆಂಡತಿ ಟೋಪಿ ತೆಗೆದಳು. "ಮೊದಲ್ನೇ ದಿನ ಬಚ್ಚಿಟ್ಕೊಂಡಿದ್ದು ನಿಜ. ಮನೆಗ್ಬಂದು ಬರೀ ಸುಳ್ಳು ಹೇಳ್ತೀರಿ, ಎಲ್ಲೆಲ್ಲಿ ಬೀಳ್ತೀರೋ ನೋಡ್ಬಿಡೋಣ ಅಂತ ಬಂದೆ. ಒಂದ್ಕಡೆ ಮೈ ಮರೆತು ನಿಮ್ಮ ಪಕ್ಕಕ್ಕೇ ಬಂದ್ಬಿಟ್ಟೆ. ಇನ್ನೇನು ಬೈಸ್ಕೋತೀನಿ ಅಂದ್ಕೊಂಡೆ, ನೀವು ನೋಡ್ಲೇ ಇಲ್ಲ. ಬೇಕೂಂತಲೇ ಹಠ ಮಾಡ್ತಿದೀರಾ ಅಂತ ಮುಂದಿನ ವಾರ ಪಕ್ಕದಲ್ಲೇ ನಡೆದೆ. ಆವತ್ತಿಂದ ಪಕ್ಕದಲ್ಲೇ ನಡೀತಿದೀನಿ ಕಣ್ರೀ."

"ಸುಳ್ಳು."

"ಸುಳ್ಳಾದ್ರೆ ನೇರ ನೋಡ್ತಾ ನಿಂತ್ಕೊಳ್ಳಿ."

ಅವನು ಕನ್ನಡಿಗೆ ಬೆನ್ನು ಮಾಡಿ, ಎದುರಿನ ಅಂಗಡಿಯ ಬೋರ್ಡಿನ ಮೇಲೆ ದೃಷ್ಟಿಯಿಟ್ಟು ನಿಂತ; ಅವಳು ಮತ್ತೆ ಅವನ ಎಡಕ್ಕೆ ಸರಿದಳು. ಅದರ ಮೂಲೆಯಲ್ಲಿದ್ದ ಸಣ್ಣಕ್ಷರವೂ ಸ್ಪಷ್ಟವಾಗಿ ಕಾಣುತ್ತಿತ್ತು. ಎಂಥ ಕಣ್ಣು ತನ್ನದು!

"ಹೂಂ, ಈಗ ಕೈ ಎತ್ತು," ಎಂದ.

"ಆಗ್ಲಿಂದ ಎತ್ಕೊಂಡೇ ಇದೀನಿ."

ಎಡಗಡೆ ಏನೂ ಇರಲಿಲ್ಲ. ಕತ್ತಲೆಯೂ ಅಲ್ಲ, ಮಬ್ಬೂ ಅಲ್ಲ. ಆ ಕಡೆ ಜಗತ್ತೇ ಇಲ್ಲದ ಹಾಗೆ. ಅವಳು ಕೈಯನ್ನು ಮುಂದೆ ತರುತ್ತ ತರುತ್ತ ಅವನ ಮೂಗಿನ ಹತ್ತಿರಕ್ಕೆ ತಂದ ಮೇಲೆ ಬೆರಳುಗಳು ಕಂಡವು. ವಾಚಣ್ಣನಿಗೆ ಭಯವಾಯಿತು. ಬಸ್ಸಿನ ಭಯವಲ್ಲ, ಬೀರುವಿನದೂ ಅಲ್ಲ. ಇಷ್ಟು ದೊಡ್ಡದೊಂದು ತನ್ನಿಂದ ಹೋಗಿದ್ದರೂ ಅದು ಹೋದದ್ದೇ ತನಗೆ ಗೊತ್ತಾಗಲಿಲ್ಲವಲ್ಲ ಎಂಬ ಭಯ. ಕನ್ನಡಿಯಂಗಡಿಯ ಮೆಟ್ಟಿಲ ಮೇಲೆ ಕೂತ. ಅವಳೂ ಕೂತಳು.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳೋ ಜಾತೀನಾ ನೀವು? ನಂಗೂ ಒಂದೊಂದ್ಸಲ ಅನುಮಾನ, ನಾಟಕ ಇರ್ಬಹುದಾ ಅಂತ. ನಾಟಕಾನೇ ಆಗಿರ್ಲಿ ದೇವ್ರೇ ಅಂತ." ಅವಳು ಟೋಪಿಯನ್ನು ಮಡಿಚಿ ಬಿಚ್ಚುತ್ತಿದ್ದಳು. "ಇದಕ್ಕೆ ಮುಂಚೆ ಬೇರೆ ಅನುಮಾನ ಇತ್ತು. ಇವರಿಗೆ ನಾನು ಸಾಕಾಗಿದೀನಿ ಅಂತ. ಊಟಕ್ಕೆ ಯಾವಾಗ್ಲೂ ನಿಮ್ಮ ಎಡಗಡೇನೇ ಅಲ್ವಾ ನಾನು ಕೂರೋದು? ಟಿವಿ ಮುಂದೇನೂ ಅಷ್ಟೇ. ಅಲ್ಲಿಂದ ನಿಮ್ಮನ್ನ ನೋಡಿ ಎಷ್ಟು ಸಲ ನಕ್ಕಿದೀನಿ ಗೊತ್ತಾ? ಒಂದ್ಸಲನಾದ್ರೂ ತಿರುಗಿ ನಗ್ಲಿಲ್ಲ ನೀವು. ಆಮೇಲೆ ನಾನೂ ನಗೋದು ಬಿಟ್ಟೆ."

ಅವನು ಎದ್ದು, ಇಡೀ ಮೈಯನ್ನೇ ಎಡಕ್ಕೆ ತಿರುಗಿಸಿಕೊಂಡು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಅಂಗಡಿಯವನು, "ಏನಾದ್ರೂ ತಗೋತೀರಾ ಅಥವಾ ಸುಮ್ನೆ ಕೂತಿದೀರಾ?" ಎಂದು ಒಳಗಿನಿಂದ ಕೂಗಿದ.

"ಈಗ ನಗು, ನೋಡ್ತೀನಿ," ಎಂದ ವಾಚಣ್ಣ.

ಅವಳು ಪ್ರಯತ್ನಪಟ್ಟಳು. ಆಗಲಿಲ್ಲ.

"ಇವತ್ತು ಬರಲ್ಲ ಕಣ್ರೀ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೊದ್ಲು ಡಾಕ್ಟ್ರ ಹತ್ರ ಹೋಗೋಣ, ಏಳಿ."